ಅಟ್ಟದ ಟ್ರಂಕಿನಲ್ಲಿದ್ದ ಮಾರ್ಕ್ಸ್ ಕಾರ್ಡು: ದೊಡ್ಡವರಾದ ಮೇಲೆ ಎಡಿಎಚ್‌ಡಿ ಗುರುತಿಸೋದು ಯಾಕಿಷ್ಟು ಕಷ್ಟ?

ಹೋದ ದೀಪಾವಳಿಗೆ ಊರಿಗೆ ಹೋದಾಗ ನಾನು ಮೊದಲು ಮಾಡಿದ ಕೆಲಸ ಅಟ್ಟ ಹತ್ತಿದ್ದು. ತಿಪಟೂರಿನ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಕಬ್ಬಿಣದ ಟ್ರಂಕ್ ಇದೆ. ತೋಟದ ಪಹಣಿ, ಅಪ್ಪ ಅಮ್ಮನ ಮದುವೆ ಫೋಟೋ, ಹರಿದ ರೇಷನ್ ಕಾರ್ಡು, ಎಲ್ಲದರ ಅಡಿಯಲ್ಲಿ ನನ್ನ ಪ್ರೈಮರಿ ಸ್ಕೂಲಿನ ಪ್ರಗತಿ ಪತ್ರಗಳು ಸಿಕ್ಕವು. ಅಂಚನ್ನು ಜಿರಲೆ ತಿಂದಿತ್ತು. ಐದನೇ ಕ್ಲಾಸಿನ ಕಾರ್ಡಿನಲ್ಲಿ ಮೇಷ್ಟ್ರು ನೀಲಿ ಇಂಕಿನಲ್ಲಿ ಬರೆದಿದ್ದರು: "ಬುದ್ಧಿ ಇದೆ, ಶ್ರದ್ಧೆ ಸಾಲದು." ಆರನೇ ಕ್ಲಾಸಿನಲ್ಲಿ ಬೇರೆ ಮೇಷ್ಟ್ರು, ಬೇರೆ ಅಕ್ಷರ: "ಪಾಠದ ಕಡೆ ಗಮನವಿಲ್ಲ. ಪುಸ್ತಕ ಮರೆತು ಬರುತ್ತಾಳೆ." ಅಲ್ಲೇ ಏಣಿಯ ಮೇಲೆ ಕೂತು ಎರಡರದ್ದೂ ಫೋಟೋ ತೆಗೆದುಕೊಂಡೆ.

ಮೂವತ್ನಾಲ್ಕು ವಯಸ್ಸಿನವಳಿಗೆ ಐದನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಯಾಕೆ ಬೇಕು? ಡಾಕ್ಟರ್ ಕೇಳಿದ್ದರು. ನನಗೆ ಎಡಿಎಚ್‌ಡಿ ಇದೆಯಾ ಇಲ್ವಾ ಅಂತ ಹೇಳಬೇಕಾದರೆ, ಹನ್ನೆರಡು ವರ್ಷಕ್ಕೆ ಮುಂಚೆ ನಾನು ಹೇಗಿದ್ದೆ ಅಂತ ಅವರಿಗೆ ಗೊತ್ತಾಗಬೇಕಿತ್ತು. ದೊಡ್ಡವರಲ್ಲಿ ಇದನ್ನು ಗುರುತಿಸೋದು ಯಾಕೆ ಕಷ್ಟ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಎದುರಿಗೆ ಕೂತವರ ಜೊತೆ ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಒಂದು ಮಗುವನ್ನೂ ಡಾಕ್ಟರು ನೋಡಬೇಕು. ಆ ಮಗುವಿಗೆ ಸಾಕ್ಷಿ ನಮ್ಮ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ಅಮ್ಮನ ನೆನಪಿನಲ್ಲೋ ಇರುತ್ತದೆ. ಎಷ್ಟೋ ಸಲ ಎಲ್ಲೂ ಇರುವುದಿಲ್ಲ. ಇನ್ನರ್ಧ ಉತ್ತರ ಇದು: ಆ ಸಾಕ್ಷಿಯನ್ನು ಹುಡುಕಿ, ಜೋಡಿಸಿ, ಹೇಳಿದ ದಿನ ಹೇಳಿದ ಹೊತ್ತಿಗೆ ತಲುಪಿಸುವ ಕೆಲಸ ಇದೆಯಲ್ಲ, ನಮ್ಮಂಥವರ ಕೈಲಿ ಆಗದೇ ಇರೋದೇ ಆ ಕೆಲಸ.

ಮೊದಲು ಎಡಿಎಚ್‌ಡಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಪೂರ್ತಿ ಹೆಸರು ಅಟೆನ್ಶನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಗಮನದ ಕೊರತೆ ಮತ್ತು ಅತಿ ಚಟುವಟಿಕೆ ಅಂತ ಕನ್ನಡದಲ್ಲಿ ಬರೆಯುತ್ತಾರೆ. ಈ ಹೆಸರೇ ದಾರಿ ತಪ್ಪಿಸುತ್ತದೆ ಅಂತ ನನಗನಿಸುತ್ತದೆ. ಗಮನಕ್ಕೇನೂ ಕೊರತೆ ಇರುವುದಿಲ್ಲ. ಇಷ್ಟವಾದ ಕೆಲಸಕ್ಕೆ ಕೂತರೆ ಊಟ, ನೀರು, ಹೊತ್ತು ಮುಳುಗಿದ್ದು ಯಾವುದೂ ಗೊತ್ತಾಗುವುದಿಲ್ಲ. ತೊಂದರೆ ಇರೋದು ಅದನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆ ತಿರುಗಿಸುವುದರಲ್ಲಿ. ಕೆಲಸ ಶುರು ಮಾಡುವುದು, ಬೇಕಾದಾಗ ನಿಲ್ಲಿಸುವುದು, ಎರಡು ವಿಷಯ ಒಟ್ಟಿಗೆ ತಲೆಯಲ್ಲಿ ಹಿಡಿದುಕೊಳ್ಳುವುದು, ಇನ್ನೆಷ್ಟು ಹೊತ್ತು ಉಳಿದಿದೆ ಅಂತ ಅಂದಾಜು ಮಾಡುವುದು, ಬಾಯಿಗೆ ಬಂದ ಮಾತನ್ನು ಒಂದು ಕ್ಷಣ ತಡೆಯುವುದು, ಇವನ್ನೆಲ್ಲ ನೋಡಿಕೊಳ್ಳುವ ಮೆದುಳಿನ ಭಾಗಗಳು ಬೇರೆ ಥರ ಕೆಲಸ ಮಾಡುತ್ತವೆ. ಇದು ಬೆಳೆಸಿದ ರೀತಿಯಿಂದಲೋ ಮೊಬೈಲಿನಿಂದಲೋ ಬರುವುದಲ್ಲ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಜನರ ನಡುವೆ ಈ ವಿಷಯದಲ್ಲಿ ಕಾಣುವ ವ್ಯತ್ಯಾಸಕ್ಕೆ ಶೇಕಡಾ 70ರಿಂದ 80ರಷ್ಟು ವಂಶವೇ ಕಾರಣ. ಪ್ರಪಂಚದಲ್ಲಿ ದೊಡ್ಡವರ ಪೈಕಿ ಸುಮಾರು ಶೇಕಡಾ 2.5ರಷ್ಟು ಜನರಿಗೆ ಇದು ಇದೆ ಅಂತ ಅಂದಾಜು. ನಲವತ್ತು ಜನ ಕೂತ ಬಸ್ಸಿನಲ್ಲಿ ಒಬ್ಬರಿಗೆ ಅಂತ ಲೆಕ್ಕ ಹಾಕಿ.

ಒಳಗಿನಿಂದ ಇದು ಹೇಗಿರುತ್ತದೆ ಅಂತ ಒಂದು ಘಟನೆ ಹೇಳುತ್ತೇನೆ. ಗೃಹಜ್ಯೋತಿ ಬರುವ ಮುಂಚಿನ ಮಾತು. ನಮ್ಮ ಬಾಡಿಗೆ ಮನೆಯ ಕರೆಂಟ್ ಕಟ್ ಮಾಡಲು ಲೈನ್‌ಮನ್ ಬಂದರು. ಬಿಲ್ಲು 840 ರೂಪಾಯಿ. ನನ್ನ ಖಾತೆಯಲ್ಲಿ ದುಡ್ಡಿತ್ತು. ಫೋನಿನಲ್ಲಿ ಕಟ್ಟಲು ಒಂದು ನಿಮಿಷ ಸಾಕು. ಮರೆಯಬಾರದು ಅಂತ ಆ ಬಿಲ್ಲನ್ನು ನಾನೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು. ಹಾಲು ಕಾಯಲು ಇಟ್ಟು ಕಟ್ಟುತ್ತೇನೆ ಅಂದುಕೊಳ್ಳುತ್ತಿದ್ದೆ. ಪಾತ್ರೆ ಒಲೆಯ ಮೇಲೆ ಇಡುವಷ್ಟರಲ್ಲಿ ಆ ಯೋಚನೆ ತಲೆಯಲ್ಲಿ ಇರುತ್ತಲೇ ಇರಲಿಲ್ಲ. ಒಂದು ವಾರ ಕಳೆದ ಮೇಲೆ ಆ ಕಾಗದ ಫ್ರಿಜ್ಜಿನ ಒಂದು ಭಾಗವೇ ಆಗಿಬಿಟ್ಟಿತು, ಕಣ್ಣಿಗೆ ಕಾಣುವುದೇ ನಿಂತಿತು. ರಾತ್ರಿ ಮಲಗಿದ ಮೇಲೆ ಥಟ್ಟನೆ ನೆನಪಾಗಿ ಎದೆ ಧಸಕ್ಕೆನ್ನುತ್ತಿತ್ತು, ಬೆಳಿಗ್ಗೆ ಎದ್ದ ತಕ್ಷಣ ಕಟ್ಟಲೇಬೇಕು ಅಂತ ದೇವರಾಣೆ ಮಾಡಿಕೊಂಡು ಮಲಗುತ್ತಿದ್ದೆ, ಬೆಳಿಗ್ಗೆ ಮತ್ತೆ ಅದೇ ಹಾಲು ಅದೇ ಒಲೆ. ಲೈನ್‌ಮನ್ ಒಳ್ಳೆಯವರು, ಐದು ನಿಮಿಷ ನಿಂತರು, ಅವರ ಎದುರಿಗೇ ಕಟ್ಟಿದೆ. "ದುಡ್ಡಿಗೆ ತೊಂದ್ರೆನಾಮ್ಮಾ?" ಅಂತ ಕೇಳಿದರು. ಇಲ್ಲ ಅಂದೆ. ಮತ್ತೇನು ಅಂತ ಹೇಳಲು ನನ್ನ ಹತ್ತಿರ ಮಾತಿರಲಿಲ್ಲ. ವರ್ಷಕ್ಕೊಮ್ಮೆ ಹೀಗಾದರೆ ಅದು ಮರೆವು. ಆಫೀಸಿನಲ್ಲಿ, ಮನೆಯಲ್ಲಿ, ಗೆಳೆಯರ ನಡುವೆ, ದಿನಾ, ಇಪ್ಪತ್ತು ವರ್ಷ ಆದರೆ ಅದು ಬೇರೆ.

ಇದನ್ನು ಪತ್ತೆ ಮಾಡಲು ರಕ್ತ ಪರೀಕ್ಷೆ ಇಲ್ಲ. ಸ್ಕ್ಯಾನ್ ಇಲ್ಲ. ಇರೋದು ಮಾತು ಮತ್ತು ಕೆಲವು ನಿಯಮಗಳು. ಮನೋವೈದ್ಯರು ಹೆಚ್ಚಾಗಿ ಬಳಸುವ ಡಿಎಸ್‌ಎಂ-5 ಅನ್ನುವ ಅಮೆರಿಕದ ಕೈಪಿಡಿ 2013ರಲ್ಲಿ ಬಂತು. ಅದರಲ್ಲಿ 18 ಲಕ್ಷಣಗಳಿವೆ. 9 ಗಮನಕ್ಕೆ ಸೇರಿದವು, 9 ಚಡಪಡಿಕೆ ಮತ್ತು ದುಡುಕಿಗೆ ಸೇರಿದವು. ಮಕ್ಕಳಲ್ಲಿ ಒಂದು ಗುಂಪಿನ 6 ಇರಬೇಕು, 17 ವರ್ಷ ದಾಟಿದವರಲ್ಲಿ 5 ಇದ್ದರೆ ಸಾಕು. ಆರು ತಿಂಗಳಿಂದ ಇರಬೇಕು. ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ಕಾಣಬೇಕು. ಬದುಕಿಗೆ ನಿಜವಾಗಿ ತೊಂದರೆ ಆಗಿರಬೇಕು. ಬೇರೆ ಕಾಯಿಲೆಯಿಂದ ಬಂದದ್ದಾಗಿರಬಾರದು. ಮತ್ತು ಹನ್ನೆರಡು ವರ್ಷಕ್ಕೆ ಮುಂಚೆಯೇ ಕೆಲವು ಲಕ್ಷಣಗಳಾದರೂ ಇದ್ದಿರಬೇಕು. ಇದಕ್ಕೂ ಹಿಂದಿನ ಕೈಪಿಡಿಯಲ್ಲಿ ಆ ಗಡಿ ಏಳು ವರ್ಷ ಆಗಿತ್ತು. ಏಳು ವರ್ಷಕ್ಕೆ ಮುಂಚೆ ನೀವು ಹೇಗಿದ್ದಿರಿ ಅಂತ ನಿಮಗೆ ನೆನಪಿದೆಯಾ?

ಹನ್ನೆರಡರ ನಿಯಮ ಸುಮ್ನೆ ಇಟ್ಟದ್ದಲ್ಲ. ಹುಟ್ಟಿನಿಂದ ಇರುವ ತೊಂದರೆಯನ್ನು ಕೆಲಸದ ಒತ್ತಡ, ನಿದ್ದೆಗೇಡು, ಖಿನ್ನತೆ ಇವುಗಳಿಂದ ಬೇರೆ ಮಾಡಲು ಅದೊಂದೇ ಗಟ್ಟಿ ಗುರುತು. ಮೂವತ್ತನೇ ವಯಸ್ಸಿನಲ್ಲಿ ಒಮ್ಮೆಗೇ ಗಮನ ಹೋಯಿತು ಅಂದರೆ ಬೇರೆ ಏನನ್ನೋ ಹುಡುಕಬೇಕು. ಆದರೆ ನೆನಪು ಅನ್ನುವುದು ನಂಬುವಂಥದ್ದಲ್ಲ. ನ್ಯೂಜಿಲೆಂಡಿನ ಡ್ಯುನಿಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಹಿಂಬಾಲಿಸುತ್ತಾ ಬಂದಿದ್ದಾರೆ. ಅವರಿಗೆ 38 ವರ್ಷ ಆದಾಗ ಪೋಷಕರನ್ನು ಕೇಳಿದರು, ನಿಮ್ಮ ಮಗುವಿಗೆ ಚಿಕ್ಕಂದಿನಲ್ಲಿ ಇಂಥ ತೊಂದರೆ ಇತ್ತಾ ಅಂತ. ಚಿಕ್ಕಂದಿನಲ್ಲೇ ಎಡಿಎಚ್‌ಡಿ ಇದೆ ಅಂತ ದಾಖಲಾಗಿದ್ದ ಮಕ್ಕಳ ಪೋಷಕರಲ್ಲೂ ಹೆಚ್ಚಿನವರಿಗೆ ಅದು ನೆನಪೇ ಇರಲಿಲ್ಲ! ಕಾಗದದ ಮೇಲೆ ದಾಖಲಾಗಿದ್ದವರ ಕಥೆಯೇ ಹೀಗಾದರೆ, ಎಡಿಎಚ್‌ಡಿ ಅನ್ನೋ ಮಾತನ್ನೇ ಕೇಳದ ನಮ್ಮ ಅಮ್ಮಂದಿರಿಗೆ ಏನು ನೆನಪಿರಬೇಕು ಹೇಳಿ.

ನನ್ನ ಅಮ್ಮನನ್ನು ಮಾತಾಡಿಸಿದ್ದು ಫೋನಿನ ಸ್ಪೀಕರ್ ಹಾಕಿ. ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಎದುರಿಗೆ ಇಂಗ್ಲಿಷ್ ಪ್ರಶ್ನಾವಳಿ ಇತ್ತು. ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿ ಕೇಳಿದರು. ಬೇಕಾದ ವಸ್ತುಗಳನ್ನ ಕಳ್ಕೊಳ್ತಿದ್ರಾ? "ಇಲ್ಲ ಮೇಡಂ, ಎಲ್ಲ ನಾನೇ ಎತ್ತಿಡ್ತಿದ್ದೆ." ಕೂತಲ್ಲಿ ಕೂರ್ತಿರಲಿಲ್ವಾ? "ಹೆಣ್ಣುಮಗು, ಗಲಾಟೆ ಏನೂ ಇರಲಿಲ್ಲ. ತುಂಬಾ ಒಳ್ಳೇ ಹುಡುಗಿ." ಹೇಳಿದ ಕೆಲಸ ಅರ್ಧಕ್ಕೆ ಬಿಡ್ತಿದ್ರಾ? "ಮಕ್ಕಳು ಅಂದ್ಮೇಲೆ ಬಿಡಲ್ವಾ ಮೇಡಂ?" ಅಮ್ಮನ ದನಿಯಲ್ಲಿ ಒಂದು ಹೆದರಿಕೆ ಇತ್ತು. ಅವಳು ಮಗಳ ಮೇಲೆ ಬಂದ ದೂರಿಗೆ ಉತ್ತರ ಕೊಡುತ್ತಿದ್ದಳು. ಎಲ್ಲದಕ್ಕೂ ಇಲ್ಲ, ಇಲ್ಲ, ಇಲ್ಲ. ನನಗೆ ಕೈಕಾಲು ತಣ್ಣಗಾಯಿತು, ಇಷ್ಟು ದೂರ ಬಂದು ಇಲ್ಲೇ ಮುಗಿಯಿತು ಅನಿಸಿತು.

ಆಮೇಲೆ ಮೇಡಂ ಪೆನ್ನು ಕೆಳಗಿಟ್ಟು ಬೇರೆ ಥರ ಕೇಳಿದರು. "ಬೆಳಿಗ್ಗೆ ಸ್ಕೂಲಿಗೆ ಹೊರಡೋದು ಹೇಗಿರ್ತಿತ್ತು ಅಮ್ಮಾ? ಅದನ್ನ ಹೇಳಿ." ಅಷ್ಟೇ. ಅಮ್ಮ ಹತ್ತು ನಿಮಿಷ ನಿಲ್ಲಿಸಲಿಲ್ಲ. ಹಲ್ಲುಜ್ಜಲು ಹೋದವಳು ಹಿತ್ತಲಲ್ಲಿ ಇರುವೆ ಸಾಲು ನೋಡುತ್ತಾ ಬ್ರಷ್ ಬಾಯಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಹುಡುಕುತ್ತಿದ್ದಳು. ಜಡೆ ಹಾಕುವ ಹೊತ್ತಿಗೇ ಬಾಯಿಗೆ ತಿಂಡಿ ತುರುಕದಿದ್ದರೆ ಬಸ್ಸು ತಪ್ಪುತ್ತಿತ್ತು. ಪೆನ್ಸಿಲ್ ಡಬ್ಬಿ ವಾರಕ್ಕೊಂದು. ನಾನು ಬಿಟ್ಟು ಬಂದ ಟಿಫಿನ್ ಬಾಕ್ಸ್ ತರಲು ಸಂಜೆ ಅಮ್ಮ ತಮ್ಮನನ್ನು ಸ್ಕೂಲಿಗೆ ಕಳಿಸುತ್ತಿದ್ದಳಂತೆ. "ಬಾಲ ಸುಟ್ಟ ಬೆಕ್ಕಿನ ಹಾಗೆ ಆಡ್ತಿದ್ಲು ಮೇಡಂ ಬೆಳಿಗ್ಗೆ ಹೊತ್ತು. ಇದೆಲ್ಲ ಯಾಕೆ ಕೇಳ್ತಿದ್ದೀರಿ?" ಪ್ರಶ್ನಾವಳಿಯಲ್ಲಿ ಇದ್ದದ್ದೇ ಇದೆಲ್ಲ. ಆದರೆ ಆ ಪ್ರಶ್ನೆಗಳು ಅಮ್ಮನ ಅಡುಗೆಮನೆಗೆ ಬಂದೇ ಇರಲಿಲ್ಲ. ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡಬಲ್ಲ, ಮಾತಾಡಲು ಸಮಯ ಇರುವ ಒಬ್ಬರು ಸಿಗುವುದು ರೋಗ ಪತ್ತೆಯಲ್ಲಿ ಎಷ್ಟು ದೊಡ್ಡ ವಿಷಯ ಅಂತ ನನಗೆ ಅವತ್ತು ಗೊತ್ತಾಯಿತು.

ಇನ್ನೊಂದು ವಿಷಯವನ್ನೂ ಅಮ್ಮನ ಉತ್ತರವೇ ಬಿಡಿಸಿ ಹೇಳುತ್ತದೆ. "ಎಲ್ಲ ನಾನೇ ಎತ್ತಿಡ್ತಿದ್ದೆ." ಇಷ್ಟು ವರ್ಷ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಮಗುವಿನ ಸುತ್ತ ಒಂದು ಊರುಗೋಲು ಇರುತ್ತದೆ. ಅಮ್ಮ ಎಬ್ಬಿಸುತ್ತಾಳೆ, ಅಜ್ಜಿ ಊಟಕ್ಕೆ ಕರೆಯುತ್ತಾರೆ, ಟ್ಯೂಷನ್ ಮೇಷ್ಟ್ರು ದಿನಾ ಓದಿಸುತ್ತಾರೆ, ಪರೀಕ್ಷೆಯ ಭಯ ಕೊನೆಯ ರಾತ್ರಿ ದೂಡುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ನನಗೆ ಡಿಸ್ಟಿಂಕ್ಷನ್ ಬಂದಿತ್ತು. ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇರಲು ಶುರು ಮಾಡಿದ ಮೇಲೆ ಆ ಊರುಗೋಲು ಒಂದೇ ಸಲ ಹೋಯಿತು. ಬಟ್ಟೆ, ಬಾಡಿಗೆ, ಬಸ್ಸು, ಆಫೀಸು, ಎಲ್ಲಕ್ಕೂ ನಾನೇ ಅಮ್ಮ ಆಗಬೇಕಿತ್ತು. ಕೆಲವರಿಗೆ ಇದು ಹಾಸ್ಟೆಲ್‌ನಲ್ಲಿ ಆಗುತ್ತದೆ, ಕೆಲವರಿಗೆ ಬಡ್ತಿ ಸಿಕ್ಕಿ ಹತ್ತು ಜನರ ಕೆಲಸ ನೋಡಿಕೊಳ್ಳಬೇಕಾದಾಗ. ತುಂಬಾ ಹೆಂಗಸರಿಗೆ ಮದುವೆ, ಮಗು ಆದಮೇಲೆ. ತಾನು ಹೇಗೋ ನಡೆಯುತ್ತಿದ್ದವಳು ಈಗ ಇಡೀ ಮನೆಗೆ ಊರುಗೋಲು ಆಗಬೇಕು ಅಂದರೆ ಏನಾಗಬೇಕು?

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಎಡಿಎಚ್‌ಡಿ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗ. ಇಂಥ ಮಕ್ಕಳ ಬಗ್ಗೆ 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಅನ್ನುವ ಮಕ್ಕಳ ವೈದ್ಯರು ಉಪನ್ಯಾಸ ಕೊಟ್ಟಾಗಲೂ ಅವರು ಹೇಳಿದ ಮಕ್ಕಳಲ್ಲಿ ಗಂಡುಹುಡುಗರೇ ಜಾಸ್ತಿ. 1968ರ ಅಮೆರಿಕದ ಕೈಪಿಡಿ ಇದನ್ನು ಬಾಲ್ಯದ ಅತಿ ಚಟುವಟಿಕೆ ಅಂತಲೇ ಕರೆಯಿತು. ಚಟುವಟಿಕೆ ಇಲ್ಲದೆ ಬರೀ ಗಮನದ ತೊಂದರೆಯೂ ಇರಬಹುದು ಅಂತ ಕೈಪಿಡಿ ಒಪ್ಪಿಕೊಂಡಿದ್ದು 1980ರಲ್ಲಿ. ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂರುವ ಹುಡುಗಿಯಿಂದ ಟೀಚರಿಗೆ ತೊಂದರೆ ಇಲ್ಲ. ಅವಳ ಚಡಪಡಿಕೆ ಒಳಗೇ ಇರುತ್ತದೆ. ಜೊತೆಗೆ "ಹೆಣ್ಣುಮಗಳು, ಅಚ್ಚುಕಟ್ಟಾಗಿರಬೇಕು" ಅಂತ ಹೇಳಿಸಿಕೊಂಡು ಬೆಳೆದವಳು ಮುಚ್ಚಿಡುವುದನ್ನೂ ಕಲಿತುಬಿಡುತ್ತಾಳೆ. ಎಲ್ಲದಕ್ಕೂ ಒಂದು ಗಂಟೆ ಮುಂಚೆ ಹೊರಡುವುದು, ಬಾಗಿಲು ಹಾಕಿದ್ದನ್ನು ನಾಲ್ಕು ಸಲ ನೋಡುವುದು, ತಪ್ಪಾಗುವ ಮುಂಚೆಯೇ ಸಾರಿ ಕೇಳುವುದು. ಹೊರಗಿನಿಂದ ನೋಡಿದವರಿಗೆ ಇದು ಆತಂಕದ ಕಾಯಿಲೆ ಹಾಗೆ ಕಾಣುತ್ತದೆ.

ನನಗೂ ಮೊದಲು ಸಿಕ್ಕ ಹೆಸರು ಅದೇ. ಇಪ್ಪತ್ತೇಳನೇ ವಯಸ್ಸಿನಲ್ಲಿ ಆತಂಕಕ್ಕೆ ಮಾತ್ರೆ, ಮೂವತ್ತೊಂದರಲ್ಲಿ ಖಿನ್ನತೆಗೆ ಮಾತ್ರೆ. ಎರಡೂ ತಪ್ಪಾಗಿರಲಿಲ್ಲ. ನನಗೆ ಆತಂಕವೂ ಇತ್ತು, ದುಃಖವೂ ಇತ್ತು, ಮಾತ್ರೆಯಿಂದ ಅವು ಕಡಿಮೆಯೂ ಆದವು. ಬಿಲ್ಲು ಮಾತ್ರ ಫ್ರಿಜ್ಜಿನ ಮೇಲೇ ಇತ್ತು. ಒಬ್ಬ ವೈದ್ಯರನ್ನು ನಾನೇ ಧೈರ್ಯ ಮಾಡಿ ಕೇಳಿದೆ, ಇದು ಎಡಿಎಚ್‌ಡಿ ಇರಬಹುದಾ ಸರ್ ಅಂತ. "ಎಂಜಿನಿಯರಿಂಗ್ ಮುಗಿಸಿದ್ದೀರಿ, ಕೆಲಸದಲ್ಲಿದ್ದೀರಿ. ಅದು ಮಕ್ಕಳಿಗೆ ಬರೋದು. ರೀಲ್ಸ್ ನೋಡೋದು ಕಡಿಮೆ ಮಾಡಿ" ಅಂದರು. ಎರಡು ವರ್ಷ ನಾನು ಆ ಮಾತನ್ನು ನಂಬಿದೆ. ಆ ಎರಡು ವರ್ಷದ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ.

ಆದರೂ ವೈದ್ಯರ ಕಡೆಯಿಂದಲೂ ನೋಡಬೇಕು. ಗಮನ ಕೂಡದಿರುವುದಕ್ಕೆ ಹತ್ತಾರು ಕಾರಣ ಇರುತ್ತವೆ. ಥೈರಾಯ್ಡ್ ಏರುಪೇರಾದರೂ, ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ, ಗೊರಕೆಯ ಜೊತೆ ಉಸಿರು ಕಟ್ಟಿ ನಿದ್ದೆ ಕೆಡುತ್ತಿದ್ದರೂ ಹೀಗೇ ಆಗುತ್ತದೆ. ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ತೊಂದರೆಯಲ್ಲೂ ಮಾತು ಜಾಸ್ತಿ, ದುಡುಕು ಜಾಸ್ತಿ. ಆದರೆ ಅದು ಅಲೆ ಅಲೆಯಾಗಿ ಬಂದು ಹೋಗುತ್ತದೆ, ಎಡಿಎಚ್‌ಡಿ ದಿನಾ ಒಂದೇ ಥರ ಇರುತ್ತದೆ. ಇವನ್ನೆಲ್ಲ ಬೇರೆ ಮಾಡದೆ ಔಷಧಿ ಕೊಟ್ಟರೆ ಕೆಡುಕಾಗಬಹುದು. ಹಾಗಾಗಿ ಒಬ್ಬ ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರೆ ಅವರು ನಿಮ್ಮನ್ನು ನಂಬುತ್ತಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಇನ್ನು ಸಮಯ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, 2019ರಲ್ಲಿ ಲೆಕ್ಕ ಹಾಕಿದಾಗ ಸುಮಾರು 0.75 ಬಂತು. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ನಿಮ್ಮ ಐದನೇ ಕ್ಲಾಸಿನ ಕಥೆ ಕೇಳಲು ಯಾರಿಗೆ ಬಿಡುವಿರುತ್ತದೆ? ಅದೂ ಅಲ್ಲದೆ ಇಂಥ ತೊಂದರೆಯನ್ನು ಮಕ್ಕಳ ವಿಭಾಗಕ್ಕೆ ಬಿಟ್ಟು ಓದಿ ಬಂದ ಹಿರಿಯ ವೈದ್ಯರು ತುಂಬಾ ಜನ ಇದ್ದಾರೆ.

ಈಗ ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆ. ಔಷಧಿ ಬರೆಯಬಲ್ಲವರು ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್. ಗಂಟೆಗಟ್ಟಲೆ ಕೂತು ಪರೀಕ್ಷೆ, ಮಾತುಕತೆ ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಆದವರಾ ಅಂತ ಕೇಳಿ, ಕೇಳುವುದರಲ್ಲಿ ಸಂಕೋಚ ಏನೂ ಬೇಡ. ಇಬ್ಬರೂ ಒಂದೇ ಕಡೆ ಸಿಕ್ಕಿದರೆ ಅಲೆದಾಟ ಕಡಿಮೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ, ಖರ್ಚೂ ಕಡಿಮೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಮನೋಚೈತನ್ಯ ಅನ್ನುವ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಅಲ್ಲೇ ಪೂರ್ತಿ ಪರೀಕ್ಷೆ ಆಗದಿದ್ದರೂ ಮುಂದೆ ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆದುಕೊಡುತ್ತಾರೆ. ಯಾರನ್ನು ಕೇಳಬೇಕು ಅಂತಲೇ ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೋಗುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಅನ್ನುವ 18 ಪ್ರಶ್ನೆಗಳ ಪಟ್ಟಿ ಇದೆ. ಮೊದಲ 6 ಪ್ರಶ್ನೆ ಜರಡಿಯ ಹಾಗೆ. ಅದರಲ್ಲಿ ಹೆಚ್ಚು ಅಂಕ ಬಂದರೆ ಎಡಿಎಚ್‌ಡಿ ಇದೆ ಅಂತಲ್ಲ, ಪರೀಕ್ಷೆ ಮಾಡಿಸುವುದು ಒಳ್ಳೆಯದು ಅಂತ ಅಷ್ಟೇ. ಅದಕ್ಕಿಂತ ಮುಖ್ಯವಾದದ್ದು ಘಟನೆಗಳು. "ನನಗೆ ಗಮನ ಇಲ್ಲ" ಅಂದರೆ ವೈದ್ಯರಿಗೆ ಏನೂ ಸಿಗುವುದಿಲ್ಲ. ಫ್ರಿಜ್ಜಿನ ಬಿಲ್ಲಿನ ಕಥೆ ಹೇಳಿದರೆ ಸಿಗುತ್ತದೆ. ಮನೆಯದ್ದು ಎರಡು, ಕೆಲಸದ್ದು ಎರಡು, ಚಿಕ್ಕಂದಿನದ್ದು ಎರಡು, ಫೋನಿನಲ್ಲಿ ಒಂದೇ ಕಡೆ ಬರೆದಿಡಿ. ಬರೆಯಲು ಆಗದಿದ್ದರೆ ವಾಯ್ಸ್ ರೆಕಾರ್ಡ್ ಮಾಡಿ. ಮಾರ್ಕ್ಸ್ ಕಾರ್ಡು ಸಿಗದಿದ್ದರೆ ಅಣ್ಣ, ಅಕ್ಕ, ಚಿಕ್ಕಮ್ಮ, ಅದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ, ಯಾರಾದರೂ ಆಗಬಹುದು. ಅಮ್ಮನನ್ನು ಮಾತಾಡಿಸುವ ಮುಂಚೆ ಅವಳಿಗೆ ಒಂದು ಮಾತು ಹೇಳಿ, ನೀನು ಬೆಳೆಸಿದ್ದರಲ್ಲಿ ತಪ್ಪಿಲ್ಲಮ್ಮ, ಇದು ಹುಟ್ಟಿನಿಂದಲೇ ಇರೋದು ಅಂತ. ನಾನು ಅದನ್ನು ಹೇಳದೆ ಫೋನ್ ಮಾಡಿದ್ದೆ.

ಅಪಾಯಿಂಟ್‌ಮೆಂಟ್ ವಿಷಯದಲ್ಲಿ ನಾಚಿಕೆ ಬಿಟ್ಟು ಒಬ್ಬರ ಸಹಾಯ ಕೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನನ್ನ ಪರೀಕ್ಷೆ ಮೂರು ಭೇಟಿಯಲ್ಲಿ ಮುಗಿಯಬೇಕಿತ್ತು, ಏಳು ತಿಂಗಳು ಹಿಡಿಯಿತು. ಒಂದು ಸಲ ದಿನಾಂಕ ತಪ್ಪಾಗಿ ಓದಿದೆ. ಒಂದು ಸಲ ಫಾರ್ಮು ಮನೆಯಲ್ಲೇ ಉಳಿಯಿತು. ಎರಡನೇ ಸಲ ತಪ್ಪಿಸಿಕೊಂಡ ಮೇಲೆ ಮತ್ತೆ ಫೋನ್ ಮಾಡಲು ನಾಚಿಕೆಯಾಗಿ ಎರಡು ತಿಂಗಳು ಸುಮ್ಮನಿದ್ದೆ. ಕೊನೆಗೆ ರೂಮಿನ ಗೆಳತಿ ತಾನೇ ಫೋನ್ ಮಾಡಿ, ಅವತ್ತು ಅರ್ಧ ದಿನ ರಜೆ ಹಾಕಿ, ಆಟೋದಲ್ಲಿ ನನ್ನ ಪಕ್ಕ ಕೂತು ಕರೆದುಕೊಂಡು ಹೋದಳು. ಹೀಗೆ ಅರ್ಧ ದಾರಿಯಲ್ಲಿ ಬಿಟ್ಟುಹೋದವರು ಎಷ್ಟು ಜನ ಇರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಬರದೇ ಇದ್ದವರನ್ನು "ಆಸಕ್ತಿ ಇಲ್ಲ" ಅಂತ ಬಿಟ್ಟುಬಿಡುವ ಬದಲು ಹಿಂದಿನ ದಿನ ಒಂದು ಫೋನ್, ಬೆಳಿಗ್ಗೆ ಒಂದು ಮೆಸೇಜು ಹಾಕುವ ವ್ಯವಸ್ಥೆ ಎಲ್ಲ ಕಡೆ ಇರಬೇಕು. ಕಣ್ಣು ಕಾಣದವರಿಗೆ ಸಣ್ಣ ಅಕ್ಷರದ ಫಾರ್ಮು ಕೊಟ್ಟು ತುಂಬಿ ತನ್ನಿ ಅಂದರೆ ಹೇಗೋ, ಇದೂ ಹಾಗೇ.

ಎಡಿಎಚ್‌ಡಿ ಅಂತ ಖಚಿತವಾದ ಮೇಲೆ ಔಷಧಿಯ ದಾರಿ. ಮುಖ್ಯವಾದ ಮಾತ್ರೆ ಮಿಥೈಲ್‌ಫೆನಿಡೇಟ್. ಹೊಸದೇನಲ್ಲ, 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿದ್ದು. ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್, ನಾರ್‌ಎಪಿನೆಫ್ರಿನ್ ಅನ್ನುವ ರಾಸಾಯನಿಕಗಳು ಬೇಗ ವಾಪಸ್ ಹೀರಿಹೋಗದ ಹಾಗೆ ಅದು ತಡೆಯುತ್ತದೆ. ನಮ್ಮಲ್ಲಿ ಇದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತದೆ, ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲೂ ಇದೆ. ಅಂದರೆ ಬೇರೆಯೇ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಡಾಕ್ಟರು ಎರಡು ಪ್ರತಿ ಚೀಟಿ ಬರೆಯಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ವಿಡಿಯೋ ಕಾಲ್‌ನಲ್ಲಿ ಇದನ್ನು ಬರೆಯುವಂತಿಲ್ಲ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಈ ಪಟ್ಟಿಯ ಔಷಧಿಗಳನ್ನು ಹೊರಗಿಟ್ಟಿದೆ. ದುರುಪಯೋಗ ಆಗಬಾರದು ಅನ್ನುವ ಉದ್ದೇಶ ಸರಿಯೇ. ಆದರೆ ಹಳ್ಳಿಯಿಂದ ಪ್ರತಿ ಸಲವೂ ಬಸ್ಸು ಹತ್ತಿ ಬರಬೇಕಾದವರ ಪಾಡು ಏನು? ಮೊದಲ ಸಲ ನಾನು ಮೂರು ಅಂಗಡಿ ಅಲೆದೆ. ಮೂರನೆಯ ಅಂಗಡಿಯ ಹುಡುಗ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಖ ನೋಡಿ, ಒಳಗೆ ಹೋಗಿ ಯಜಮಾನರನ್ನು ಕರೆದುಕೊಂಡು ಬಂದ. "ಯಾರಿಗಮ್ಮ ಇದು?" ನನಗೇ ಅಂದೆ. ಹಿಂದೆ ನಿಂತವರೆಲ್ಲ ಕೇಳಿಸಿಕೊಂಡರು. ಈಗ ನಾನು ಆಸ್ಪತ್ರೆಯ ಔಷಧಾಲಯದಲ್ಲೇ ತಗೊಳ್ಳುತ್ತೇನೆ, ಯಾರೂ ಏನೂ ಕೇಳುವುದಿಲ್ಲ.

ಅಟೊಮೊಕ್ಸೆಟಿನ್ ಅನ್ನುವ ಇನ್ನೊಂದು ಮಾತ್ರೆ ಇದೆ, ಅದಕ್ಕೆ ಇಷ್ಟು ಕಟ್ಟುಪಾಡಿಲ್ಲ, ಆದರೆ ಕೆಲಸ ಮಾಡಲು ಕೆಲವು ವಾರ ಬೇಕು. ಚಟ ಆಗುತ್ತದಾ ಅಂತ ಮನೆಯವರು ಕೇಳುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಅವರ ನಿಗಾದಲ್ಲಿ ತಗೊಂಡರೆ ಆ ಭಯ ತೀರಾ ಕಡಿಮೆ. ಬಿಪಿ, ಎದೆಬಡಿತ, ನಿದ್ದೆ, ಹಸಿವು ಇವನ್ನು ನೋಡುತ್ತಿರಬೇಕು. ಎಲ್ಲರಿಗೂ ಮಾತ್ರೆ ಹೊಂದುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಅಮೆರಿಕದಲ್ಲಿ ರೋಗ ಪತ್ತೆಯಾಗಿ ವಾಪಸ್ ಬರುವ ಕನ್ನಡಿಗರು ಒಂದು ವಿಷಯ ಗೊತ್ತಿಟ್ಟುಕೊಳ್ಳಬೇಕು. ಅಲ್ಲಿ ಎಡಿಎಚ್‌ಡಿಗೆ ತುಂಬಾ ಜನ ತಗೊಳ್ಳುವ ಅಡೆರಾಲ್ ಅನ್ನುವ ಮಾತ್ರೆ ಇಲ್ಲಿ ಮಾರಾಟದಲ್ಲಿಲ್ಲ. ಹೊರಡುವ ಮುಂಚೆಯೇ ವೈದ್ಯರ ಹತ್ತಿರ ಬದಲಿ ಔಷಧಿಯ ಮಾತಾಡಿ. ಇಂಗ್ಲೆಂಡಿನಲ್ಲಿ ಇರುವವರ ಕಷ್ಟ ಬೇರೆ. ಅಲ್ಲಿಯ ಸರ್ಕಾರಿ ವ್ಯವಸ್ಥೆಯಲ್ಲಿ ಎಷ್ಟೋ ಕಡೆ ವರ್ಷಗಟ್ಟಲೆ ಕಾಯಬೇಕು, ಸರದಿ ಬಂದಾಗ ಅವರು ಕೇಳುವ ಶಾಲೆಯ ದಾಖಲೆ ಇರುವುದು ಇಲ್ಲಿನ ಅಟ್ಟದ ಮೇಲೆ.

ಕಾಗದಪತ್ರದ ಬಗ್ಗೆ ಎರಡೇ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಬೇರೆಯಾಗಿ ಇಲ್ಲ, ಕಲಿಕೆಯ ತೊಂದರೆ ಮತ್ತು ಆಟಿಸಂ ಇವೆ. ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೆ ನಮ್ಮ ಖರ್ಚೆಲ್ಲ ಹೊರರೋಗಿ ವಿಭಾಗದ್ದು. ನಿಮ್ಮ ಪಾಲಿಸಿಯಲ್ಲಿ ಅದು ಸೇರಿದೆಯಾ ಅಂತ ನೋಡಿಕೊಳ್ಳಿ.

ಕೊನೆಯ ಭೇಟಿಯಲ್ಲಿ ಡಾಕ್ಟರು ಹೌದು ಅಂತ ಹೇಳಿದಾಗ ನನಗೆ ಮೊದಲು ಬಂದದ್ದು ಸಮಾಧಾನ. ಆಟೋದಲ್ಲಿ ವಾಪಸ್ ಬರುವಾಗ ಅಳು ಬಂತು. ಸೋಂಬೇರಿ, ಬೇಜವಾಬ್ದಾರಿ, ಮನಸ್ಸು ಮಾಡಿದರೆ ಆಗುತ್ತೆ, ಇಪ್ಪತ್ತೈದು ವರ್ಷ ಕೇಳಿದ ಮಾತೆಲ್ಲ ಒಟ್ಟಿಗೆ ನೆನಪಾಯಿತು. "ಶ್ರದ್ಧೆ ಸಾಲದು" ಅಂತ ಬರೆದ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಂಡದ್ದನ್ನು ಸರಿಯಾಗಿಯೇ ಕಂಡಿದ್ದರು, ಅದಕ್ಕೆ ಅವರ ಹತ್ತಿರ ಇದ್ದ ಹೆಸರು ಅದೊಂದೇ. ಅವರು ಬರೆದ ಆ ಒಂದು ಸಾಲೇ ಕೊನೆಗೆ ನನ್ನ ಫೈಲಿನಲ್ಲಿ ಸಾಕ್ಷಿಯಾಗಿ ಸೇರಿತು.

ಅಮ್ಮನಿಗೆ ಎಲ್ಲವನ್ನೂ ನಿಧಾನವಾಗಿ ವಿವರಿಸಿದೆ. ವಂಶದಲ್ಲಿ ಬರುತ್ತೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ನಿಮ್ಮಪ್ಪ?" ಅಂದಳು. ಮೋಟರ್ ಹಾಕಿ ಮರೆತು ತೋಟವೆಲ್ಲ ಕೆರೆ ಮಾಡುತ್ತಿದ್ದ ಅಪ್ಪ, ಸಂತೆಗೆ ಹೋಗಿ ಸೈಕಲ್ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬರುತ್ತಿದ್ದ ಅಪ್ಪ, ರಾತ್ರಿಯಿಡೀ ಕೂತು ಊರಿನವರ ರೇಡಿಯೋ ಎಲ್ಲ ರಿಪೇರಿ ಮಾಡಿಕೊಡುತ್ತಿದ್ದ ಅಪ್ಪ. "ಎಷ್ಟು ಬೈದಿದ್ದೀನಿ ಕಣೇ ಅವರನ್ನ" ಅಂದಳು. ಅಪ್ಪ ತೀರಿಹೋಗಿ ಒಂಬತ್ತು ವರ್ಷ ಆಯಿತು, ಈಗ ಪರೀಕ್ಷೆ ಮಾಡಲು ಯಾರಿಂದಲೂ ಆಗುವುದಿಲ್ಲ.

ತಮ್ಮನ ಮಗ ಈಗ ಮೂರನೇ ಕ್ಲಾಸು. ಅವನಿಗೆ ಏನಾದರೂ ಇದೆ ಅಂತ ನಾನು ಹೇಳುತ್ತಿಲ್ಲ, ಇಲ್ಲದೆಯೂ ಇರಬಹುದು. ಅವನ ಡೈರಿಯನ್ನು ವರ್ಷದ ಕೊನೆಗೆ ರದ್ದಿಗೆ ಹಾಕಬೇಡಿ ಅಂತ ಮಾತ್ರ ಹೇಳಿದ್ದೇನೆ. ಅಮ್ಮ ಅದಕ್ಕೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ, ಅದೇ ಟ್ರಂಕಿನಲ್ಲಿ, ಈ ಸಲ ಮೇಲೆಯೇ ಇಟ್ಟಿದ್ದಾಳೆ.